ಕಾನ್ವೆಂಟ್ ಹೈಸ್ಕೂಲಿಗೆ ಸೇರಿಸುವ ಮುನ್ನ ಹತ್ತನೇ ಕ್ಲಾಸಿನ ವೇಳಾಪಟ್ಟಿ ಕೇಳಿ

ಮಾರ್ಚ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಬಗೆಯವು. "ಮೇಡಂ, ಮಗಳದ್ದು ಏಳನೇ ಕ್ಲಾಸ್ ಮುಗೀತು. ಇಲ್ಲೇ ತೀರ್ಥಹಳ್ಳೀಲಿ ಓದಲಾ, ಶಿವಮೊಗ್ಗಕ್ಕೆ ಕಾನ್ವೆಂಟಿಗೆ ಹಾಕೋದಾ?" ಕೇಳುವವರಲ್ಲಿ ಅಡಿಕೆ ತೋಟದವರಿದ್ದಾರೆ, ಕಾಫಿ ಎಸ್ಟೇಟಿನ ರೈಟರುಗಳಿದ್ದಾರೆ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿ ಇಟ್ಟವರಿದ್ದಾರೆ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಟ್ಟೆ. ಅದರಲ್ಲಿ ಹದಿನಾರು ವರ್ಷ ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ. ನಾನು ಕಥೋಲಿಕಳಲ್ಲ. ಆ ಶಾಲೆಗಳ ಮೇಲೆ ನನಗಿರುವ ಗೌರವ ಮಾತ್ರ ದೊಡ್ಡದು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಇಂಗ್ಲಿಷ್ ಮೀಡಿಯಂ ಶಾಲೆಗೆಲ್ಲ ಕಾನ್ವೆಂಟ್ ಅನ್ನುವುದು ನಮ್ಮ ಕಡೆ ರೂಢಿ. ನಾನಿಲ್ಲಿ ಹೇಳುತ್ತಿರುವುದು ಕಥೋಲಿಕ ಧರ್ಮಪ್ರಾಂತ್ಯವೋ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ), ಫಾದರ್‌ಗಳ ಅಥವಾ ಸಿಸ್ಟರ್‌ಗಳ ಸಭೆಯೋ, ಅಂದರೆ ಸಂಘವೋ, ನಡೆಸುವ ಹೈಸ್ಕೂಲುಗಳ ಬಗ್ಗೆ. ಅವುಗಳಲ್ಲಿ ಕನ್ನಡ ಮಾಧ್ಯಮದವೂ ಇವೆ.

ಇಂಥ ಶಾಲೆಗಳ ಬ್ರೋಷರಿನಲ್ಲಿ "ಸರ್ವಾಂಗೀಣ ಬೆಳವಣಿಗೆ" ಎಂಬ ಮಾತು ಇದ್ದೇ ಇರುತ್ತದೆ. ಪಾಠ, ಆಟ, ಸಂಗೀತ, ಚಿತ್ರ, ಕೈಕೆಲಸ, ಮೌಲ್ಯ ಶಿಕ್ಷಣ, ಇವೆಲ್ಲ ಮಗುವಿಗೆ ಹದವಾಗಿ ಸಿಗಬೇಕು ಎಂದು ಅದರ ಅರ್ಥ. ಇಂಗ್ಲೆಂಡಿನಲ್ಲಿ ಇದನ್ನು ಕಾನೂನಿನಲ್ಲೇ ಬರೆದಿದ್ದಾರೆ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯ ಪಠ್ಯಕ್ರಮ ವಿಶಾಲವೂ ಸಮತೋಲನದ್ದೂ ಆಗಿರಬೇಕು, ಮಗುವಿನ ಆತ್ಮ, ನೀತಿ, ಸಂಸ್ಕೃತಿ, ಬುದ್ಧಿ, ದೇಹ ಎಲ್ಲವನ್ನೂ ಬೆಳೆಸಬೇಕು ಎಂದು ಅಲ್ಲಿನ 2002ರ ಶಿಕ್ಷಣ ಕಾಯ್ದೆ ಹೇಳುತ್ತದೆ. ಅಲ್ಲಿನ ಕಥೋಲಿಕ ಶಾಲೆಗಳಲ್ಲಿ ಪಾಠದ ವೇಳೆಯ ಹತ್ತನೇ ಒಂದು ಭಾಗ ಧರ್ಮಶಿಕ್ಷಣಕ್ಕೆ ಸಲ್ಲಬೇಕೆಂದು ಬಿಷಪರ ನಿಯಮವೂ ಇದೆ. ನಮ್ಮಲ್ಲಿ ಲೆಕ್ಕ ಬೇರೆ. ನಮ್ಮ ಶಾಲೆಗಳು ರಾಜ್ಯ ಪಠ್ಯಕ್ರಮವನ್ನೋ ಸಿಬಿಎಸ್‌ಇ, ಐಸಿಎಸ್‌ಇಯನ್ನೋ ಅನುಸರಿಸುತ್ತವೆ. ಮೇಲಿನ ಹದವನ್ನು ಶಾಲೆಯೇ ಕಾಯಬೇಕು. ಅದು ಕಾಯುತ್ತಿದೆಯೋ ಇಲ್ಲವೋ ಎಂದು ನೀವು ಹೋಗಿ ನೋಡಬೇಕು.

ಮನೆಯಲ್ಲೇ ತಿಳಿದುಕೊಂಡು ಹೊರಡಿ

ಶಾಲೆಯನ್ನು ಯಾರು ನಡೆಸುತ್ತಾರೆ ಎಂದು ಮೊದಲು ಕೇಳಿ. ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಚಿಕ್ಕಮಗಳೂರಿನದು ಅದಕ್ಕಿಂತ ಹಳೆಯದು, 1963ರದ್ದು. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿಗಾಗಿ ಭದ್ರಾವತಿಯಲ್ಲಿ ಸಿರೋ ಮಲಬಾರ್ ಎಂಬ ಕೇರಳದ ಕಥೋಲಿಕ ಪಂಗಡದ ಧರ್ಮಪ್ರಾಂತ್ಯ 2007ರಲ್ಲಿ ಆಯಿತು. ಇವರದ್ದಲ್ಲದೆ ಸನ್ಯಾಸಿ ಸಭೆಗಳ ಸ್ವಂತ ಶಾಲೆಗಳೂ ಇವೆ. ಇದನ್ನೆಲ್ಲ ಯಾಕೆ ಕೇಳಬೇಕೆಂದರೆ, ಒಂದೊಂದು ಸಭೆಗೆ ಒಂದೊಂದು ಗುಣ ಇರುತ್ತದೆ. ಜೆಸ್ವಿಟರು ಎಂಬ ಫಾದರ್‌ಗಳ ಸಭೆಯವರು 1599ರಲ್ಲೇ ತಮ್ಮ ಶಾಲೆಗಳಿಗೆ ಪಾಠಕ್ರಮ ಬರೆದಿಟ್ಟುಕೊಂಡವರು. ಭಾಷಣ, ವಾದ, ನಾಟಕ ಅವರಿಗೆ ಹಳೆಯ ಬಳುವಳಿ. ಡಾನ್ ಬಾಸ್ಕೊ ಪರಂಪರೆಯ ಸಲೇಷಿಯನ್ನರಿಗೆ ಆಟದ ಮೈದಾನವೂ ತರಗತಿಯಷ್ಟೇ ಮುಖ್ಯ. ಆಸ್ಪತ್ರೆ, ಅನಾಥಾಲಯ ನಡೆಸುವ ಸಿಸ್ಟರ್‌ಗಳ ಶಾಲೆಯಲ್ಲಿ ಸೇವೆಯ ಕೆಲಸ ಮಕ್ಕಳಿಗೆ ಚಿಕ್ಕಂದಿನಿಂದ ರೂಢಿಯಾಗುತ್ತದೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಫಾದರ್, ಸಿಸ್ಟರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ಈ ವರ್ಷ ಸಂಗೀತವೆಂದರೆ ಪ್ರಾಣ ಬಿಡುವ ಹೆಡ್‌ಮಿಸ್ಟ್ರೆಸ್ ಇದ್ದರೆ, ನಿಮ್ಮ ಮಗು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ರಿಸಲ್ಟ್ ಬಿಟ್ಟು ಬೇರೇನೂ ಕಾಣದವರು ಬಂದಿರಬಹುದು. ಹಾಗಾಗಿ ಮುಖ್ಯಸ್ಥರ ಮಾತಿನ ಸೊಗಸು ನೋಡಿ ತೀರ್ಮಾನ ಮಾಡಬೇಡಿ. ಡ್ರಾಯಿಂಗ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಲೈಬ್ರರಿ ನೋಡಿಕೊಳ್ಳುವವರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಹತ್ತು ಹದಿನೈದು ವರ್ಷ ಒಂದೇ ಕಡೆ ನಿಂತ ಮೇಷ್ಟ್ರುಗಳಿರುವ ಶಾಲೆಯಲ್ಲಿ ಒಳ್ಳೆಯ ಪದ್ಧತಿಗಳು ಬೇರು ಬಿಟ್ಟಿರುತ್ತವೆ.

ಅನುದಾನಿತವೋ, ಅನುದಾನರಹಿತವೋ ಎಂಬುದನ್ನೂ ತಿಳಿದುಕೊಳ್ಳಿ. ಫೀಸಿನ ವ್ಯತ್ಯಾಸ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಎಂಟನೇ ಕ್ಲಾಸಿನಲ್ಲಿ ಬರೆಯುವ, ಕಡಿಮೆ ಆದಾಯದ ಮನೆಯ ಮಕ್ಕಳಿಗೆಂದು ಇರುವ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮಧ್ಯಾಹ್ನದ ಬಿಸಿಯೂಟವೂ ಹಾಗೇ. ಕೂಲಿ ಮಾಡಿ ಓದಿಸುವ ಮನೆಯವರು, ಎರಡೆಕರೆ ತೋಟ ನಂಬಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚರ್ಚ್ ನಡೆಸುವ ಹಳೆಯ ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲುಗಳನ್ನು ನಮ್ಮ ಜನ ಈಗ ಕಡೆಗಣಿಸುತ್ತಿದ್ದಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ದೊಡ್ಡ ಮೈದಾನ, ಹಳೆಯ ಲೈಬ್ರರಿ, ಅನುಭವಿ ಮೇಷ್ಟ್ರು ಇರುವುದು ಎಷ್ಟೋ ಕಡೆ ಅಲ್ಲೇ.

ಸಿಲೆಬಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಾಜ್ಯ ಪಠ್ಯಕ್ರಮದಲ್ಲೂ ಹೈಸ್ಕೂಲಿನ ಗಣಿತ, ವಿಜ್ಞಾನಕ್ಕೆ ಸಿಬಿಎಸ್‌ಇ ಶಾಲೆಗಳಲ್ಲಿರುವ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಅಳವಡಿಸಿಕೊಂಡಿದ್ದಾರೆ.

ಕೆಲಸದ ದಿನವೇ ಶಾಲೆಗೆ ಹೋಗಿ

ವಾರ್ಷಿಕೋತ್ಸವದ ದಿನ, ಭಾನುವಾರ, ರಜೆಯಲ್ಲಿ ಹೋಗಬೇಡಿ. ಮಂಗಳವಾರವೋ ಬುಧವಾರವೋ ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೋಗಿ. ಪಿ.ಟಿ., ಡ್ರಾಯಿಂಗ್, ಸಂಗೀತದ ಪೀರಿಯಡ್‌ಗಳನ್ನು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಹಾಕಿರುತ್ತಾರೆ. ಮೈದಾನದಲ್ಲಿ ಮಕ್ಕಳಿದ್ದಾರೋ ಇಲ್ಲವೋ ಗೇಟಿನಿಂದಲೇ ಕಾಣುತ್ತದೆ.

ಆಫೀಸಿನ ಹೊರಗೆ ಟಾಪರ್‌ಗಳ ಫೋಟೋ ಹಾಕಿದ ದೊಡ್ಡ ಬೋರ್ಡು ಇರುತ್ತದೆ. ಅದನ್ನು ನೋಡಿ, ಮಕ್ಕಳ ಬಗ್ಗೆ ಸಂತೋಷಪಡಿ. ಆಮೇಲೆ ಒಳಗೆ ಹೋಗಿ ವಿನಯದಿಂದ ಕೇಳಿ: "ಸಿಸ್ಟರ್, ಹತ್ತನೇ ಕ್ಲಾಸಿನ ಟೈಮ್ ಟೇಬಲ್ ಒಂದ್ಸಲ ನೋಡಬಹುದಾ?"

ಎಂಟನೇ ಕ್ಲಾಸಿನದ್ದು ಬೇಡ, ಹತ್ತನೆಯದ್ದೇ ಬೇಕು. ಎಂಟರಲ್ಲಿ ಎಲ್ಲ ಶಾಲೆಗಳೂ ಉದಾರವಾಗಿರುತ್ತವೆ. ಚಿತ್ರಕಲೆಗೆ ಎರಡು ಪೀರಿಯಡ್, ಆಟಕ್ಕೆ ಮೂರು, ಲೈಬ್ರರಿಗೆ ಒಂದು, ಕಂಪ್ಯೂಟರಿಗೆ ಎರಡು. ಒಂಬತ್ತಕ್ಕೆ ಬಂದಾಗ ಒಂದೊಂದೇ ಕಳಚುತ್ತದೆ. ಹತ್ತರಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಬಿಟ್ಟು ಏನು ಉಳಿದಿದೆ ಎಂದು ಬೆರಳಲ್ಲಿ ಎಣಿಸಿ. ಹತ್ತನೇ ಕ್ಲಾಸಿನವರಿಗೂ ವಾರಕ್ಕೆ ಎರಡು ಆಟದ ಪೀರಿಯಡ್, ಒಂದು ಮೌಲ್ಯ ಶಿಕ್ಷಣ, ಒಂದು ಲೈಬ್ರರಿಯೋ ಸಂಗೀತವೋ ಇದ್ದರೆ ಆ ಶಾಲೆ ಬ್ರೋಷರಿನಲ್ಲಿ ಬರೆದದ್ದನ್ನು ಮಾಡುತ್ತಿದೆ. ತೋರಿಸಲು ಹಿಂದೆಮುಂದೆ ನೋಡಿದರೂ ನಿಮಗೆ ಉತ್ತರ ಸಿಕ್ಕಂತೆಯೇ.

ನನ್ನ ಮನೆಯದೇ ಒಂದು ನೋವು ಹೇಳುತ್ತೇನೆ. ನನ್ನ ಮಗ ಓದಿದ್ದು ಒಳ್ಳೆಯ ಹೆಸರಿದ್ದ ಒಂದು ಶಾಲೆಯಲ್ಲಿ. ವಾಲಿಬಾಲ್ ಎಂದರೆ ಅವನಿಗೆ ಊಟ ತಿಂಡಿ ಬೇಡ. ಹತ್ತನೇ ಕ್ಲಾಸಿನ ದಸರಾ ರಜೆ ಮುಗಿಸಿ ಹೋದ ದಿನ, ಇನ್ನು ಪಿ.ಟಿ. ಇಲ್ಲ, ಆ ಪೀರಿಯಡ್ ಗಣಿತಕ್ಕೆ ಎಂದು ಹೇಳಿ ಕಳಿಸಿದ್ದರು. ನಾನೂ ಮೇಷ್ಟ್ರಿಣಿಯೇ, ಪರೀಕ್ಷೆ ಹತ್ತಿರ ಬಂತಲ್ಲ ಎಂದು ಸುಮ್ಮನಿದ್ದೆ. ಡಿಸೆಂಬರ್ ಹೊತ್ತಿಗೆ ಹುಡುಗ ಸಂಜೆ ಪುಸ್ತಕ ಹಿಡಿದರೆ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದ, ಮಾತು ಕಡಿಮೆ ಮಾಡಿದ್ದ. ಪ್ರಿಪರೇಟರಿಯಲ್ಲಿ ಅರ್ಧವಾರ್ಷಿಕಕ್ಕಿಂತ ಗಣಿತದ ಅಂಕ ಇಳಿದಿತ್ತು. ಆಗ ನಾನು ಹೋಗಿ ಕೇಳಬೇಕಿತ್ತು, ಕೇಳಲಿಲ್ಲ. ಅಂದಿನಿಂದ ಯಾರೇ ಸಲಹೆ ಕೇಳಿದರೂ ಹತ್ತನೇ ಕ್ಲಾಸಿನ ವೇಳಾಪಟ್ಟಿಯ ಮಾತನ್ನೇ ಮೊದಲು ಎತ್ತುತ್ತೇನೆ.

ವೇಳಾಪಟ್ಟಿ ನೋಡಿದ ಮೇಲೆ, ಅನುಮತಿ ಕೇಳಿ ಲೈಬ್ರರಿಗೆ ಹೋಗಿ. ಪುಸ್ತಕ ಎಷ್ಟಿವೆ ಎಂದು ಕೇಳಬೇಡಿ. ಕಪಾಟಿನ ಗಾಜಿನ ಹಿಂದೆ ಸಾಲಾಗಿ ನಿಂತ ಸಾವಿರ ಪುಸ್ತಕಕ್ಕಿಂತ, ಮೂಲೆ ಮಡಚಿದ, ಬೈಂಡು ಸಡಿಲವಾದ ಇನ್ನೂರು ಪುಸ್ತಕ ಮೇಲು. ಪುಸ್ತಕ ಕೊಟ್ಟ ರಿಜಿಸ್ಟರಿನ ಕೊನೆಯ ಪುಟ ತೆರೆಯಿಸಿ. ಕೊನೆಯ ದಿನಾಂಕ ಹೋದ ವಾರದ್ದಾಗಿದ್ದರೆ ಸರಿ. ಹೋದ ವರ್ಷದ ಆಗಸ್ಟಿನದ್ದಾಗಿದ್ದರೆ, ಆ ಕೋಣೆ ಬೀಗ ಹಾಕಿಯೇ ಇರುತ್ತದೆ.

ಲ್ಯಾಬಿನಲ್ಲಿ ಒಂದು ಕತ್ತಿಯ ಕಥೆ

ಪ್ರಯೋಗಾಲಯದ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿ. ಅಲ್ಲಿ ನೋಡಲು ತುಂಬ ಇದೆ.

ನಮ್ಮ ತೋಟಗಳಲ್ಲಿ ಮಳೆಗಾಲದ ಹೊಸ್ತಿಲಿಗೆ ಅಡಿಕೆ ಕೊನೆಗೆ ಔಷಧಿ ಹೊಡೆಯುತ್ತೇವಲ್ಲ, ಬೋರ್ಡೋ. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸುವುದು. ಹದ ಸರಿಯಾಗಿದೆಯೋ ಎಂದು ನೋಡಲು ಅಪ್ಪಂದಿರು ಏನು ಮಾಡುತ್ತಾರೆ? ಕತ್ತಿಯ ಅಲಗನ್ನು ಆ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ಕೂತರೆ ಇನ್ನೂ ಸುಣ್ಣ ಬೇಕು ಎಂದರ್ಥ. ಆ ಕೆಂಪು ತಾಮ್ರ. ಕಬ್ಬಿಣ ತಾಮ್ರದ ಸಲ್ಫೇಟಿನಿಂದ ತಾಮ್ರವನ್ನು ಹೊರದಬ್ಬಿ ತಾನು ಆ ಜಾಗಕ್ಕೆ ಸೇರಿತು. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ನೀಲಿ ದ್ರಾವಣದಲ್ಲಿ ಇಡುವ ಚಟುವಟಿಕೆ ಇದೆ, ಅದೂ ಇದೂ ಒಂದೇ.

ನಾನಿದ್ದ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದ ಒಬ್ಬ ಸಿಸ್ಟರ್, ಮಂಗಳೂರಿನ ಕಡೆಯವರು, ಈ ಪಾಠ ಮಾಡುವಾಗ ಕೊಪ್ಪದ ಕಡೆಯ ಹುಡುಗನೊಬ್ಬ ಎದ್ದು "ಸಿಸ್ಟರ್, ನಮ್ಮಪ್ಪ ಕತ್ತಿ ಅದ್ದಿ ನೋಡ್ತಾರೆ" ಎಂದ. ಅವರು ಪಾಠ ಅಲ್ಲಿಗೇ ನಿಲ್ಲಿಸಿ, ಮರುದಿನ ಅವನ ಕೈಲೇ ಸುಣ್ಣ, ಮೈಲುತುತ್ತ ತರಿಸಿ, ಬಕೆಟ್ಟಿನಲ್ಲಿ ಕಲಸಿಸಿದರು. ಪಕ್ಕದ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದ ನನ್ನ ಮಕ್ಕಳೂ ಕಿಟಕಿಗೆ ಮುತ್ತಿದ್ದರು. ಯಾವತ್ತೂ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಆ ಹುಡುಗ ಕೆಂಪು ಕೂತ ಅಲಗನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ವಿಶಾಲವಾದ ಪಠ್ಯಕ್ರಮ ಎಂದರೆ ನನ್ನ ಮಟ್ಟಿಗೆ ಇಂಥದ್ದು. ಹೊಸ ವಿಷಯ ಹತ್ತು ಸೇರಿಸುವುದಕ್ಕಿಂತ, ಇರುವ ಪಾಠಕ್ಕೆ ಮನೆಯ, ತೋಟದ ಬಾಗಿಲು ತೆರೆಯುವುದು ದೊಡ್ಡದು.

ಆದ್ದರಿಂದ ಲ್ಯಾಬಿಗೆ ಹೋದಾಗ ಬಾಟಲಿಗಳನ್ನು ನೋಡಿ. ಲೇಬಲ್ ಹೊಸದಾಗಿದ್ದು ದ್ರಾವಣ ಕುತ್ತಿಗೆಯ ತನಕ ತುಂಬಿದ್ದರೆ ಯಾರೂ ಮುಟ್ಟಿಲ್ಲ. ಅರ್ಧ ಖಾಲಿಯಾದ ಅಯೋಡಿನ್ ಬಾಟಲಿ, ಕಲೆಯಾದ ಮೇಜು ಇದ್ದರೆ ಒಳ್ಳೆಯದು. ಅಲ್ಲೇ ಇರುವ ಹತ್ತನೇ ಕ್ಲಾಸಿನ ಮಗುವನ್ನು ಮಾತಾಡಿಸಿ: "ಎಲೆಯಲ್ಲಿ ಪಿಷ್ಟ ಇದೆಯಾ ಅಂತ ನೋಡೋದು ಹೇಗಪ್ಪಾ?" ಮಾಡಿದ ಮಗು ಎಲೆಯನ್ನು ಮೊದಲು ಕುದಿಸಿದ್ದು, ಆಲ್ಕೋಹಾಲಿನಲ್ಲಿ ಹಸಿರು ಬಿಟ್ಟದ್ದು, ಅಯೋಡಿನ್ ಬಿದ್ದಲ್ಲಿ ಕಪ್ಪುನೀಲಿಯಾಗಿ ಕ್ರೋಟನ್ ಎಲೆಯ ಬಿಳಿ ಜಾಗ ಹಾಗೇ ಉಳಿದದ್ದು, ಎಲ್ಲ ಕೈಸನ್ನೆ ಸಮೇತ ಹೇಳುತ್ತದೆ. ಬಾಯಿಪಾಠ ಮಾಡಿದ ಮಗು ಪುಸ್ತಕದ ವಾಕ್ಯ ಒಪ್ಪಿಸುತ್ತದೆ.

ಸಮಾಜ ವಿಜ್ಞಾನಕ್ಕೂ ಇದೇ ಅಳತೆ. ಕದಂಬರ ಪಾಠ ಮಾಡುವ ಶಾಲೆ ಮಕ್ಕಳನ್ನು ತಾಳಗುಂದಕ್ಕೆ ಅವರ ಶಾಸನ ತೋರಿಸಲು ಕರೆದುಕೊಂಡು ಹೋಗಿದೆಯಾ? ಬಳ್ಳಿಗಾವಿ, ಕೆಳದಿ, ಶಿವಮೊಗ್ಗ ಊರಲ್ಲೇ ಇರುವ ಶಿವಪ್ಪ ನಾಯಕ ಅರಮನೆ, ಇವೆಲ್ಲ ಒಂದು ದಿನದ ದಾರಿ. ಪ್ರವಾಸವೆಂದರೆ ಮೈಸೂರು, ವಾಟರ್ ಪಾರ್ಕು ಅಷ್ಟೇ ಎಂಬ ಶಾಲೆಗಳಿಗೆ ಈ ಹೆಸರುಗಳನ್ನು ನೀವೇ ಸೂಚಿಸಿ. ಕಾಡಿನ ಕಡೆ ಕರೆದೊಯ್ಯುವ ಯೋಜನೆ ಇದ್ದರೆ ಅಕ್ಟೋಬರ್, ನವೆಂಬರಿನಲ್ಲೇ ಮುಗಿಸಲು ಹೇಳಿ. ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಟ ಡಿಸೆಂಬರಿನಿಂದ ಮೇ ತನಕ. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದನ್ನೂ ವಿಜ್ಞಾನದ ಪಾಠವಾಗಿ ಮಾಡುವ ಮೇಷ್ಟ್ರಿದ್ದರೆ ಕೈಮುಗಿಯಬೇಕು.

ಭಾಷೆ ಆರಿಸುವಾಗ

ಕನ್ನಡ ಮೇಡಂ ಆಗಿ ಇಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ನಾವು ವರ್ಷಗಳಿಂದ ಕಂಡಿರುವ ಎಸ್‌ಎಸ್‌ಎಲ್‌ಸಿಯ 625 ಅಂಕದಲ್ಲಿ ಮೊದಲ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಈ 25 ಹೆಚ್ಚಿನ ಅಂಕದ ಆಸೆಗೆ ಎಷ್ಟೋ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಸಂಸ್ಕೃತವನ್ನು ಮೊದಲ ಭಾಷೆ ಮಾಡಿಕೊಳ್ಳುತ್ತಾರೆ. 125ಕ್ಕೆ 125 ಬರುತ್ತದಂತೆ. ಸಂಸ್ಕೃತದ ಮೇಲೆ ಪ್ರೀತಿ ಇದ್ದು ಓದಿದರೆ ಬಹಳ ಸಂತೋಷ. ಅಂಕಕ್ಕಾಗಿ ಓದಿದ ಮಗುವಿಗೆ ಸಂಸ್ಕೃತವೂ ಬರುವುದಿಲ್ಲ, ಕನ್ನಡವೂ ಎರಡನೇ ಭಾಷೆಯ ಹಗುರ ಪುಸ್ತಕಕ್ಕೆ ನಿಂತುಬಿಡುತ್ತದೆ. ಕನ್ನಡವನ್ನು ಮೊದಲನೆಯದ್ದೋ ಎರಡನೆಯದ್ದೋ ಭಾಷೆಯಾಗಿ ಕಲಿಸಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಕಾನೂನಿನ ಕೆಲಸ ಮುಗಿಯಿತು. ಯಾವುದನ್ನು ಮೊದಲು ಮಾಡುವುದು ಎಂಬುದು ನಿಮ್ಮ ಕೈಲಿದೆ. ಅಜ್ಜಿಗೆ ಒಂದು ಪುಟದ ಕಾಗದ ತಪ್ಪಿಲ್ಲದೆ ಬರೆಯುವಷ್ಟು ಕನ್ನಡ ಹತ್ತನೇ ಕ್ಲಾಸಿಗೆ ಬಂದಿರಬೇಕು.

ಈ ಶಾಲೆಗಳಲ್ಲಿ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಮಾತಾಡಲು ಅಂಜದ ಮಕ್ಕಳನ್ನು ನಾನೇ ಕಂಡಿದ್ದೇನೆ. ಆದರೆ ಆಟದ ಮೈದಾನದಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಪದ್ಧತಿ ಇದೆಯೇ ಎಂದು ನೇರವಾಗಿ ಕೇಳಿ. ಇದ್ದರೆ, ಅದು ನಿಮಗೆ ಒಪ್ಪಿಗೆಯಿಲ್ಲ ಎಂದು ಅಲ್ಲೇ ಹೇಳಿ. ಮನೆಯಲ್ಲಿ ಕೊಂಕಣಿ, ಬ್ಯಾರಿ, ಉರ್ದು, ತುಳು ಆಡುವ ಮಕ್ಕಳೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ.

ಪ್ರಾರ್ಥನೆ, ಧರ್ಮೋಪದೇಶ, ಮೌಲ್ಯ ಶಿಕ್ಷಣ

ಇದನ್ನು ಕೇಳಲು ಪೋಷಕರು ಮುಜುಗರ ಪಡುತ್ತಾರೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಗುಸುಗುಸು ಮಾತಾಡುತ್ತಾರೆ. ಅದರ ಬದಲು ಆಫೀಸಿನಲ್ಲೇ ಕೇಳಿಬಿಡಿ, ಯಾವ ಸಿಸ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುತ್ತದೆ, ಕೊಂಕಣಿ ಮನೆಗಳಲ್ಲಿ ಅದಕ್ಕೆ ದೊತೊರ್ನ್ ಎನ್ನುತ್ತಾರೆ. ಅದೇ ಪೀರಿಯಡ್‌ನಲ್ಲಿ ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣ. ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲರಿಗೂ ಹೊಂದುವ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ಕಾನೂನಿನ ಮಾತೂ ಗೊತ್ತಿರಲಿ. ತಮ್ಮ ಶಾಲೆಯನ್ನು ಕಟ್ಟಿ ನಡೆಸುವ ಹಕ್ಕನ್ನು ಅಲ್ಪಸಂಖ್ಯಾತರಿಗೆ ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿಯ ಮೂರನೇ ಉಪವಿಧಿ ಹೇಳುತ್ತದೆ. ಎರಡೂ ಒಟ್ಟಿಗೇ ಇವೆ. ನೀವು ಕಥೋಲಿಕರಾಗಿದ್ದರೆ ಧರ್ಮೋಪದೇಶ ಯಾವ ಭಾಷೆಯಲ್ಲಿ, ಯಾರು ಮಾಡುತ್ತಾರೆ ಎಂದು ಕೇಳಿ. ಅಲ್ಲದಿದ್ದರೆ ಮೌಲ್ಯ ಶಿಕ್ಷಣದ ಪುಸ್ತಕ ತೋರಿಸಿ ಎನ್ನಿ.

ಪುಸ್ತಕಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ ಪೀರಿಯಡ್ ನಿಜವಾಗಿ ನಡೆಯುತ್ತದೆಯಾ? ಪೋರ್ಷನ್ ಮುಗಿಯದ ಮೇಷ್ಟ್ರುಗಳ ಕಣ್ಣು ಮೊದಲು ಬೀಳುವುದು ಇದರ ಮೇಲೆ. ನಾನಿದ್ದಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳು ತಿಂಗಳಿಗೊಂದು ಶನಿವಾರ ವೃದ್ಧಾಶ್ರಮಕ್ಕೆ ಹೋಗುತ್ತಿದ್ದರು. ಅಜ್ಜಿಯರ ಉಗುರು ಕತ್ತರಿಸುವುದು, ಮಾತ್ರೆಯ ಹೆಸರು ಓದಿ ಹೇಳುವುದು, ಕಾಗದ ಬರೆದುಕೊಡುವುದು. ಮನೆಯಲ್ಲಿ ತಟ್ಟೆ ಎತ್ತಿಡದ ಮಕ್ಕಳು ಅಲ್ಲಿ ಬಗ್ಗಿ ಕೂತು ಅಜ್ಜಿಯ ಕಾಲಿನ ಉಗುರು ತೆಗೆಯುವುದನ್ನು ನೋಡಿದ್ದೇನೆ. ಇಂಥದ್ದು ಇರುವ ಶಾಲೆಯಾದರೆ ಮೌಲ್ಯ ಶಿಕ್ಷಣದ ಬಗ್ಗೆ ಮತ್ತೇನೂ ಕೇಳಬೇಕಾಗಿಲ್ಲ.

ಮಳೆಗಾಲದ ಆಟ, ಹಾಡು, ನಾಟಕ

ಮೈದಾನ ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಜೂನಿನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರುಗದ್ದೆ, ಆಗ ಏನು ಮಾಡಿಸುತ್ತೀರಿ ಎಂದು ಮಲೆನಾಡಿನವರಾದ ನಾವು ಕೇಳಬೇಕು. ಸಭಾಂಗಣ ಇದೆಯೇ, ಟೇಬಲ್ ಟೆನಿಸ್, ಚೆಸ್, ಯೋಗ ನಡೆಯುತ್ತದೆಯೇ, ಅಥವಾ ನಾಲ್ಕು ತಿಂಗಳು ಪಿ.ಟಿ. ಪೀರಿಯಡ್‌ನಲ್ಲಿ ಮಕ್ಕಳು ಕ್ಲಾಸಲ್ಲೇ ನೋಟ್ಸ್ ಬರೆಯುತ್ತಾರೋ? ಹೆಣ್ಣುಮಕ್ಕಳಿಗೆ ಯಾವ ಆಟ ಎಂದು ಬೇರೆಯಾಗಿ ಕೇಳಿ. ಖೋಖೋ, ಥ್ರೋಬಾಲ್ ಎಂದು ಉತ್ತರ ಬಂದರೆ, ತಾಲ್ಲೂಕು ಮಟ್ಟಕ್ಕೆ ತಂಡ ಕಳಿಸಿದ್ದೀರಾ ಎಂದು ಮುಂದಿನ ಪ್ರಶ್ನೆ.

ಸಂಗೀತದಲ್ಲಿ ಕಥೋಲಿಕ ಶಾಲೆಗಳಿಗೆ ಚರ್ಚಿನ ಗಾಯನವೃಂದದ ಬಲ ಇದೆ. ನಾಲ್ಕು ದನಿಯಲ್ಲಿ ಒಟ್ಟಿಗೆ ಹಾಡುವುದು, ಕೀಬೋರ್ಡು, ಬ್ಯಾಂಡ್ ಸೆಟ್ ಬೇರೆಡೆ ಸುಲಭಕ್ಕೆ ಸಿಗುವುದಿಲ್ಲ. ಜೊತೆಗೆ ನಮ್ಮ ಡೊಳ್ಳು, ಯಕ್ಷಗಾನ, ಭಾವಗೀತೆಗೆ ಜಾಗ ಇದೆಯೇ ನೋಡಿ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಎಂಬ ನಾಟಕ ಸಂಸ್ಥೆ ಇದೆ. ಅಲ್ಲಿ ಕಲಿತವರು ಜಿಲ್ಲೆಯ ತುಂಬ ಇದ್ದಾರೆ. ಅಂಥವರೊಬ್ಬರನ್ನು ಕರೆಸಿ ವರ್ಷಕ್ಕೊಂದು ನಾಟಕ ಮಾಡಿಸುವುದು ಯಾವ ಶಾಲೆಗೂ ಭಾರವಲ್ಲ. ಪ್ರತಿಭಾ ಕಾರಂಜಿಗೆ ಪ್ರತಿ ವರ್ಷ ಅದೇ ಐದು ಮಕ್ಕಳನ್ನು ಕಳಿಸುತ್ತಾರೋ, ಹೊಸಬರಿಗೂ ಅವಕಾಶವೋ ಎಂಬುದನ್ನು ವಿಚಾರಿಸಿ. ಸ್ಕೌಟ್ಸ್ ಗೈಡ್ಸ್, ಎನ್‌ಸಿಸಿ ಇದ್ದರೆ ಎಂಟನೇ ಕ್ಲಾಸಿನಲ್ಲೇ ಸೇರಿಸಿ. ಹೈಸ್ಕೂಲಿನ ಎನ್‌ಸಿಸಿ ಎರಡು ವರ್ಷದ್ದು, ತಡ ಮಾಡಿದರೆ ಸಿಗುವುದಿಲ್ಲ.

ಸೇರಿಸುವ ದಿನ

ವರ್ಗಾವಣೆ ಪತ್ರ, ಹಿಂದಿನ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಹಳೆಯ ಶಾಲೆಯಲ್ಲಿ ಮಗುವಿನ ಗುರುತಿಗೆಂದು ಕೊಟ್ಟ ಎಸ್‌ಎಟಿಎಸ್ ಸಂಖ್ಯೆ ತೆಗೆದುಕೊಂಡು ಹೋಗಿ. ಎಲ್ಲ ಕಡೆ ಹೆಸರು, ಇನಿಷಿಯಲ್ ಒಂದೇ ಥರ ಇರಬೇಕು. ಇಲ್ಲದಿದ್ದರೆ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಆ ತಪ್ಪು ಅಚ್ಚಾಗಿ ಬರುತ್ತದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಪಠ್ಯೇತರ ಚಟುವಟಿಕೆಗೆಂದು ಫೀಸು ತೆಗೆದುಕೊಂಡಿದ್ದರೆ ಅದರಲ್ಲಿ ಏನೇನು ಸೇರಿದೆ ಎಂದು ಆ ದಿನವೇ ಕೇಳಿ ಬರೆದುಕೊಳ್ಳಿ.

ದೂರದ ಲೆಕ್ಕವೂ ಪಠ್ಯಕ್ರಮದ್ದೇ ಭಾಗ. ಮಂಡಗದ್ದೆಯಿಂದಲೋ ರಿಪ್ಪನ್‌ಪೇಟೆಯಿಂದಲೋ ಬಸ್ಸಿನಲ್ಲಿ ಓಡಾಡುವ ಮಗು ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಮನೆ ಸೇರುತ್ತದೆ. ಶಾಲೆ ಬಿಟ್ಟ ಮೇಲೆ ನಡೆಯುವ ಕೋರಸ್ಸು, ವಾಲಿಬಾಲ್, ನಾಟಕದ ತಾಲೀಮು ಆ ಮಗುವಿಗೆ ಸಿಗುವುದಿಲ್ಲ, ಕೊನೆಯ ಬಸ್ಸು ತಪ್ಪುತ್ತದೆ. ದೂರದ ದೊಡ್ಡ ಶಾಲೆಗಿಂತ ಹತ್ತಿರದ ಸಾಧಾರಣ ಶಾಲೆಯಲ್ಲೇ ಅದಕ್ಕೆ ಹೆಚ್ಚು ಸಿಗಬಹುದು. ತೀರ್ಥಹಳ್ಳಿಯವರಿಗೆ ಎಷ್ಟೋ ಸಲ ನಾನು ಇದನ್ನೇ ಹೇಳಿ, ಇದ್ದಲ್ಲೇ ಇರಿಸಿ ಎಂದಿದ್ದೇನೆ. ಹಾಸ್ಟೆಲ್ಲೋ ಬೋರ್ಡಿಂಗೋ ಆದರೆ ಸಂಜೆ ನಾಲ್ಕೂವರೆಯಿಂದ ಆರರ ತನಕ ಮಕ್ಕಳು ಏನು ಮಾಡುತ್ತಾರೆ ಎಂದು ಕೇಳಿ. ಸ್ಟಡಿ ಎಂದಷ್ಟೇ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ.

ಶಾಲೆ ಶುರುವಾದ ಮೇಲೆ

ಜೂನಿನಲ್ಲಿ ವೇಳಾಪಟ್ಟಿ ಮನೆಗೆ ಬಂದ ದಿನ ಅದರ ಒಂದು ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಮಗು ಸಂಜೆ ಬಂದು ಕಾಫಿ ಕುಡಿಯುವಾಗ, ಆಟ, ಡ್ರಾಯಿಂಗ್, ಸಂಗೀತ, ಲೈಬ್ರರಿ, ಲ್ಯಾಬ್, ಮೌಲ್ಯ ಶಿಕ್ಷಣ, ಈ ಆರರಲ್ಲಿ ಅವತ್ತು ನಡೆದದ್ದಕ್ಕೆ ಸರಿ ಗುರುತು ಹಾಕಲಿ, ನಡೆಯದ್ದಕ್ಕೆ ಬದಲಿಗೆ ಏನು ನಡೆಯಿತೆಂದು ಎರಡಕ್ಷರ ಬರೆಯಲಿ. ಮಳೆ ರಜೆಯ ದಿನವನ್ನು ಬೇರೆಯಾಗಿ ಗುರುತಿಸಿ. ಜಿಲ್ಲಾಧಿಕಾರಿಗಳು ಕೊಟ್ಟ ರಜೆಯನ್ನು ಶಾಲೆ ಶನಿವಾರಗಳಲ್ಲಿ ತುಂಬಿಸಿಕೊಳ್ಳುವಾಗ ಗಣಿತ, ವಿಜ್ಞಾನ ಮಾತ್ರ ತುಂಬಿ ಉಳಿದವು ಬಿಟ್ಟುಹೋಗುವುದು ಸಾಮಾನ್ಯ.

ಮೊದಲ ಪೋಷಕರ ಸಭೆಗೆ ಆ ಹಾಳೆ ತೆಗೆದುಕೊಂಡು ಹೋಗಿ. ಎಲ್ಲರೆದುರು ಎದ್ದು ದೂರು ಹೇಳುವುದು ಬೇಡ, ಅದರಿಂದ ಪಿ.ಟಿ. ಮೇಷ್ಟ್ರಿಗೇ ತೊಂದರೆ. ಸಭೆ ಮುಗಿದ ಮೇಲೆ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ, "ಸಿಸ್ಟರ್, ಆರು ವಾರದಲ್ಲಿ ಹನ್ನೆರಡು ಆಟದ ಪೀರಿಯಡ್ ಆಗಬೇಕಿತ್ತು, ನಾಲ್ಕು ಆಗಿದೆ. ಉಳಿದದ್ದು ದಸರಾ ಒಳಗೆ ಮಾಡಿಸೋಕಾಗುತ್ತಾ?" ಎಂದು ಹಾಳೆ ಮುಂದಿಡಿ. ನಾನಿದ್ದ ಶಾಲೆಗೆ ಒಬ್ಬ ತಾಯಿ ಹೀಗೆ ಬಂದಿದ್ದರು. ಹೊಸನಗರದ ಕಡೆಯವರು, ಓದಿದ್ದು ಏಳನೇ ಕ್ಲಾಸು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದುಕೊಂಡು ಬಂದಿದ್ದರು. ಸಿಸ್ಟರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆ ಸೋಮವಾರದಿಂದ ಎಂಟು, ಒಂಬತ್ತು, ಹತ್ತು ಮೂರೂ ಕ್ಲಾಸುಗಳ ಆಟದ ಪೀರಿಯಡ್‌ಗೆ ಬೇರೆ ಯಾರೂ ಹೋಗಬಾರದು ಎಂದು ಸ್ಟಾಫ್ ರೂಮಿನ ನೋಟೀಸ್ ಬೋರ್ಡಿಗೆ ಚೀಟಿ ಬಂತು.